ಚಿಗರಿಗೆ ಒಂದು ಹೊರಸು, ಒಂದು ಕೊರಳಪಟ್ಟಿ: ಐದು ಭಾನುವಾರದ ಲೆಕ್ಕ

ಚಿಗರಿ ನಮ್ಮ ಮನೆಗೆ ಬಂದು ಈ ಕಾರ ಹುಣ್ಣಿಮೆಗೆ ಒಂದು ವರ್ಷ. ಮುಧೋಳ ತಳಿಯ ಹೆಣ್ಣು ನಾಯಿ, ವಯಸ್ಸು ಒಂದು ವರ್ಷ ಎರಡು ತಿಂಗಳು, ತೂಕ 22 ಕೆಜಿ. ಓಡೋದನ್ನ ನೋಡಿ ಮಗ ಆ ಹೆಸರಿಟ್ಟ, ಚಿಗರಿ ಅಂದರೆ ಜಿಂಕೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು, ಹಾಗಾಗಿ ಓಣಿಯ ಮಕ್ಕಳಿಗೆಲ್ಲ ಒಂದೇ ಸಲಕ್ಕೆ ಬಾಯಿಪಾಠ ಆಗಿಬಿಟ್ಟಿದೆ.

ಕಾರ ಹುಣ್ಣಿಮೆಗೆ ನಮ್ಮ ಕಡೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೊಸ ಹಗ್ಗ, ಗೊಂಡೆ ಕಟ್ಟುತ್ತಾರೆ. ನಮ್ಮನೆಯಲ್ಲಿ ಈಗ ಎತ್ತಿಲ್ಲ. ಚಿಗರಿ ಇದ್ದಾಳಲ್ಲ, ಅವಳಿಗೂ ಹೊಸದೇನಾದರೂ ಬೇಕು ಅಂತ ಮಗ ಹಟ ಹಿಡಿದ. ನನಗೂ ಹೌದು ಅನಿಸಿತು. ಆದರೆ ಹೋದ ದೀಪಾವಳಿಗೆ ಅಂಗಡಿಯಿಂದ ತಂದ ₹1,450ರ ಫೋಮ್ ಹಾಸಿಗೆಯನ್ನು ಅವಳು ಆರೇ ದಿನದಲ್ಲಿ ಹರಿದು ಅಂಗಳದ ತುಂಬ ಹರಡಿದ್ದಳು. ₹180 ಕೊಟ್ಟು ತಂದ, ಒತ್ತಿದರೆ ಕೀಂ ಅನ್ನುವ ರಬ್ಬರ್ ಆಟಿಕೆಯ ಒಳಗಿನ ಪೀಪಿಯನ್ನು ಕಿತ್ತು ನುಂಗಿದ್ದಳು. ಎರಡು ದಿನ ಕಸಬರಿಗೆ ಕಡ್ಡಿ ಹಿಡಿದು ಅವಳ ಹೇಲು ಕೆದಕಿ ನೋಡಿದ್ದೇ ನೋಡಿದ್ದು, ಅದು ಹೊರಗೆ ಬರೋವರೆಗೂ ಜೀವದಲ್ಲಿ ಜೀವ ಇರಲಿಲ್ಲ. ಈ ಸಲ ಹಾಗೆ ಮಾಡೋದು ಬೇಡ, ಅವಳಿಗೆ ಏನು ಬೇಕು ಅಂತ ಮೊದಲು ನೋಡೋಣ ಅಂತ ಕೂತೆವು.

ಮೊದಲ ಭಾನುವಾರ: ನೋಡೋದು, ಅಳೆಯೋದು

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಎಲ್ಲೆಲ್ಲಿ ಮಲಗ್ತಾಳೆ, ಏನು ಕಚ್ಚುತ್ತಾಳೆ, ನೀರಿನ ಬಟ್ಟಲನ್ನ ಎಷ್ಟು ಸಲ ಉರುಳಿಸ್ತಾಳೆ ಅಂತ ಮಗ ಒಂದು ಹಾಳೆಯಲ್ಲಿ ಬರೆದ. ಬಟ್ಟಲು ಉರುಳಿದ್ದು ನಾಲ್ಕು ಸಲ. ಮಲಗುವಾಗ ಅಡುಗೆಮನೆಯ ಹೊಸ್ತಿಲ ಪಕ್ಕ, ಬರಿ ಶಹಾಬಾದ್ ಕಲ್ಲಿನ ಮೇಲೆ.

ಆಗ ಅವಳ ಮುಂಗಾಲನ್ನು ಎತ್ತಿ ನೋಡಿದೆ. ಎಡ ಮೊಣಕೈಯ ಮೂಳೆ ಇರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೂದಲೇ ಇಲ್ಲ. ಚರ್ಮ ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಆನೆಯ ಮೈಯಂತೆ ಒರಟು. ಬಲಗಡೆಯೂ ಶುರುವಾಗಿತ್ತು. ದಿನಾ ಅವಳ ಮೈ ಸವರುವ ಕೈ ನನ್ನದು, ಆ ಕೈಗೇ ಇದು ಇಷ್ಟು ದಿನ ಕಂಡಿರಲಿಲ್ಲ ಅಂತ ತುಂಬ ಬೇಜಾರಾಯಿತು. ಈ ತಳಿಗೆ ಚರ್ಮ ತೆಳು, ಮೈಮೇಲೆ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಟ್ಟಿ ನೆಲದ ಮೇಲೆ ಮಲಗಿದರೆ ಮೂಳೆಯೇ ನೇರವಾಗಿ ಕಲ್ಲಿಗೆ ಒತ್ತುತ್ತದೆ. ಡಾಕ್ಟರಿಗೆ ತೋರಿಸಿದೆ. ಈಗ ಬರಿ ಗಟ್ಟಿ ಚರ್ಮ, ಹೀಗೇ ಬಿಟ್ಟರೆ ಒಡೆದು ಹುಣ್ಣಾಗಬಹುದು, ಒಳಗೆ ನೀರು ತುಂಬಲೂಬಹುದು, ಮೊದಲು ಮೆತ್ತಗಿನ ಜಾಗ ಮಾಡಿಕೊಡಿ ಅಂದರು.

ಅಲ್ಲಿಗೆ ಮೊದಲ ಉಡುಗೊರೆ ಯಾವುದು ಅಂತ ಗೊತ್ತಾಯಿತು. ಎರಡನೆಯದು ಕೊರಳಪಟ್ಟಿ, ಅದರ ಕತೆ ಮುಂದೆ ಬರುತ್ತದೆ. ಊಟದ ತಟ್ಟೆಗೆ ಒಂದು ಎತ್ತರದ ಸ್ಟ್ಯಾಂಡ್ ಮಾಡಬೇಕು ಅಂತಲೂ ಇತ್ತು. ಅದಕ್ಕೆ ಡಾಕ್ಟರು ಬೇಡ ಅಂದರು. ಇಂಥ ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿಯಂತೆ, ಉಂಡ ಕೂಡಲೇ ಓಡಿಸಬೇಡಿ, ತಟ್ಟೆ ನೆಲದ ಮೇಲೇ ಇರಲಿ ಅಂದರು. ಸ್ಟ್ಯಾಂಡ್ ಕೈಬಿಟ್ಟೆವು.

ಅವ್ವನ ಹೊಲಿಗೆ ಟೇಪಿನಿಂದ ಅಳತೆ ತೆಗೆದುಕೊಂಡೆವು. ಮಗ ಚಪಾತಿ ತುಂಡು ಹಿಡಿದು ನಿಂತರೆ ಮಾತ್ರ ಅವಳು ಅಲ್ಲಾಡದೆ ನಿಲ್ಲುತ್ತಾಳೆ.

ಭುಜದ ಎತ್ತರ: 62 ಸೆಂಮೀ
ಮಗ್ಗುಲಾಗಿ ಕಾಲು ಚಾಚಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ: 95 ಸೆಂಮೀ
ಬೆನ್ನಿನಿಂದ ಚಾಚಿದ ಪಾದದವರೆಗೆ: 68 ಸೆಂಮೀ
ಕೊರಳ ಸುತ್ತಳತೆ: 38 ಸೆಂಮೀ

ಕೊನೆಯ ಅಳತೆಯಲ್ಲಿ ತಪ್ಪು ಮಾಡಿದ್ದೆ. ಗೊತ್ತಾಗಿದ್ದು ನಾಲ್ಕನೇ ಭಾನುವಾರ.

ಎರಡನೇ ಭಾನುವಾರ: ಪೈಪಿನ ಮಂಚ ಮುರಿಯಿತು

ಪ್ಲಾಸ್ಟಿಕ್ ಪೈಪಿನಿಂದ ನಾಯಿಮಂಚ ಮಾಡುವ ವಿಡಿಯೋ ನೋಡಿದ್ದೆ. ತುಂಬ ಸುಲಭ ಕಂಡಿತ್ತು. 1 ಇಂಚಿನ ಪಿವಿಸಿ ಪೈಪು 20 ಅಡಿ ₹380, ಪೈಪು ಕೂಡಿಸುವ ಟೀ ಮತ್ತು ಎಲ್ಬೋ ತುಂಡು ಸೇರಿ 8ಕ್ಕೆ ₹200, ಅಂಟು ₹60. ಒಟ್ಟು ₹640. ಮೇಲೆ ಹಾಸಲು ಮನೆಯಲ್ಲೇ ಬಿದ್ದಿದ್ದ ಹಳೇ ಫ್ಲೆಕ್ಸ್ ಬ್ಯಾನರ್.

ಮೊದಲ ತೊಂದರೆ ಮೂಲೆಯಲ್ಲಿ. ವಿಡಿಯೋದಲ್ಲಿ ಮೂರು ಕಡೆ ಬಾಯಿ ಇರುವ ಮೂಲೆಯ ಜೋಡಣೆ ತೋರಿಸುತ್ತಾರೆ. ನಾನು ಕೇಳಿದ ಮೂರೂ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅದು ಸಿಗಲಿಲ್ಲ. ಒಂದು ಟೀ, ಒಂದು ಎಲ್ಬೋ ಸೇರಿಸಿ ಮೂಲೆ ಮಾಡಿದೆ. ಹಾಗಾಗಿ ಉದ್ದದ ಪೈಪು ಒಂದು ಮಟ್ಟ, ಅಡ್ಡದ ಪೈಪು ಇನ್ನೊಂದು ಮಟ್ಟ, ಕಾಲು ನೇರ ನಿಲ್ಲಲಿಲ್ಲ. ಆದರೂ ನಾನು ಕೂತು ನೋಡಿದಾಗ ತಡೆಯಿತು.

ನಾನು ಕೂರೋದು ಮೆಲ್ಲಗೆ. ಚಿಗರಿ ಯಾವತ್ತೂ ಮೆಲ್ಲಗೆ ಹತ್ತಿದವಳಲ್ಲ. ಕಟ್ಟೆಯ ಮೇಲಿಂದ ಒಂದೇ ನೆಗೆತಕ್ಕೆ ಮಂಚಕ್ಕೆ ಬಂದಳು. ಟೀ ಇದ್ದ ಮೂಲೆ ಟಕ್ ಅಂತ ಕಳಚಿ ಅವಳ ಹಿಂಗಾಲು ಪೈಪಿನ ನಡುವೆ ಸಿಕ್ಕಿತು. ಗಾಯ ಏನೂ ಆಗಲಿಲ್ಲ, ಆದರೆ ಅವಳ ಆ ಕೂಗು ಕೇಳಿ ಮಗ ಅತ್ತುಬಿಟ್ಟ. ಮಂಚವನ್ನ ಅವತ್ತೇ ಬಿಚ್ಚಿ ಹಾಕಿದೆ. ನಾಯಿಯ ತೂಕ ಎಷ್ಟು ಅಂತ ಮಾತ್ರ ಲೆಕ್ಕ ಹಾಕಿದ್ದೆ, ಆ ತೂಕ ಎಷ್ಟು ಜೋರಾಗಿ ಬಂದು ಬೀಳುತ್ತೆ ಅನ್ನೋದನ್ನ ಯೋಚಿಸಿರಲಿಲ್ಲ.

ಮೂರನೇ ಭಾನುವಾರ: ಹೊರಸು

ಪೈಪು ಬಿಚ್ಚುವಾಗ ಅವ್ವ ಹೇಳಿದಳು, "ನಿಮ್ಮ ಅಜ್ಜನ ಹೊರಸು ಮೂವತ್ತು ವರ್ಷ ಬಂತಲ್ಲ, ಅಂಥಾದ್ದೊಂದು ಸಣ್ಣದು ಮಾಡಿಸು." ಅಷ್ಟೇ. ಹೊರಸು ಅಂದರೆ ಹಗ್ಗದಿಂದ ಹೆಣೆದ ಕಟ್ಟಿಗೆಯ ಮಂಚ, ನನಗೆ ಹೊಳೆದೇ ಇರಲಿಲ್ಲ.

ಹಳೇ ಕಟ್ಟಿಗೆ ಮಾರುವಲ್ಲಿ ಒಂದು ಬಾಗಿಲ ಚೌಕಟ್ಟು ಸಿಕ್ಕಿತು, ತೇಗ, ಹುಳ ಹಿಡಿದಿಲ್ಲ, ₹400. ನಮ್ಮ ಓಣಿಯ ಬಡಿಗೇರ ಕಾಕಾ ₹500ಕ್ಕೆ ಕೊಯ್ದು ಕೂಡಿಸಿಕೊಟ್ಟರು. ಹೊರ ಅಳತೆ 105 × 70 ಸೆಂಮೀ, ಎತ್ತರ 20. ಕಾಲು 2 × 2 ಇಂಚು. ಎತ್ತರ ಇದಕ್ಕಿಂತ ಜಾಸ್ತಿ ಬೇಡ. ಕೆಳಗೆ ಕಸಬರಿಗೆ ಆಡುವಷ್ಟು ಇದ್ದರೆ ಸಾಕು, ಉಣ್ಣಿ ಬಂದು ಅಡಗಿಕೊಂಡರೆ ಬಗ್ಗಿ ನೋಡಲು ಬರಬೇಕು. ಕೂಡಿಸಲು ಒಂದೂ ಮೊಳೆ ಹೊಡೆಯಲಿಲ್ಲ ಕಾಕಾ. ಕಾಲಿನಲ್ಲಿ ಉಳಿಯಿಂದ ಚೌಕದ ತೂತು ಕೊರೆದು, ಪಟ್ಟಿಯ ತುದಿ ಕೆತ್ತಿ, ಕೊಡತಿಯಿಂದ ಬಡಿದು ಕೂಡಿಸಿದರು. ಮೇಲೆ ನಾನು ಹತ್ತಿ ನಿಂತೆ, ಕಿರ್ ಅನ್ನಲಿಲ್ಲ.

ಅಂಚೆಲ್ಲ ಉಪ್ಪು ಕಾಗದದಿಂದ ಉಜ್ಜಿದ್ದು ನಾನು ಮತ್ತು ಮಗ, ಎರಡು ತಾಸು. ವಾರ್ನಿಶ್ ಹಚ್ಚಲಿಲ್ಲ, ಅವಳು ನೆಕ್ಕುತ್ತಾಳೆ, ಕಚ್ಚುತ್ತಾಳೆ. ಗಾಣದ ಅಗಸಿ ಎಣ್ಣೆ 200 ಮಿಲೀ ₹80, ಬಟ್ಟೆಯಲ್ಲಿ ಅದ್ದಿ ಎರಡು ಸಲ ಒರೆಸಿದೆ. ಒಂದು ಮಾತು: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಹೆಣೆಯಲು ಹಗ್ಗ ಬೇಡ ಅನಿಸಿತು. ಅಜ್ಜನ ಹೊರಸಿನ ಹಗ್ಗದ ಗುರುತು ಬೆಳಿಗ್ಗೆ ನಮ್ಮ ಬೆನ್ನಮೇಲೇ ಮೂಡಿರುತ್ತಿತ್ತು, ಇವಳ ಮೊಣಕೈಗೆ ಅದು ಇನ್ನೊಂದು ಪೆಟ್ಟು. ಹಗ್ಗದ ಸಂದಿಯಲ್ಲಿ ಅವಳ ಸಣ್ಣ ಪಾದ ಇಳಿದುಬಿಡುತ್ತದೆ, ಅದೂ ಒಂದು ಭಯ. ಹತ್ತಿಯ ನವಾರ, ಅಂದರೆ ಮಂಚ ಹೆಣೆಯುವ ಅಗಲದ ಪಟ್ಟಿ ತಂದೆ, 6 ಸೆಂಮೀ ಅಗಲದ್ದು, ಮೀಟರಿಗೆ ₹14. 20 ಮೀಟರ್ ಸಾಕು ಅಂದುಕೊಂಡಿದ್ದೆ, ಸಾಲಲಿಲ್ಲ. ಎರಡೂ ತುದಿಯಲ್ಲಿ ಪಟ್ಟಿಗೆ ಸುತ್ತಿ ಮಡಚಲು ಒಂದಷ್ಟು ಉದ್ದ ಹೋಗುತ್ತದೆ ಅನ್ನೋದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಉದ್ದಕ್ಕೆ 9 ಸಾಲು, ಅಡ್ಡಕ್ಕೆ 14 ಸಾಲು, ಒಟ್ಟು 25 ಮೀಟರ್ ಹಿಡಿಯಿತು. ಒಂದು ಮೇಲೆ ಒಂದು ಕೆಳಗೆ ಬರೋ ಹಾಗೆ ಚಾಪೆ ಹೆಣಿಗೆ. ತುದಿಗಳನ್ನು ಮುಕ್ಕಾಲು ಇಂಚಿನ ಮೊಳೆಯಿಂದ ಪಟ್ಟಿಯ ಕೆಳಮೈಗೆ ಹೊಡೆದೆ, ಮೇಲೆ ಎಲ್ಲೂ ಮೊಳೆಯ ತಲೆ ಕಾಣಬಾರದು. ನಾಲ್ಕೂ ಕಡೆ ಹೊಡೆದೆ.

ಆ ವಾರ: ಜೋತುಬಿತ್ತು

ಮೊದಲ ದಿನ ತಮಟೆಯ ಹಾಗೆ ಬಿಗಿ ಇತ್ತು. ಮಗನೇ ಮಲಗಿ, ಕುಣಿದು ನೋಡಿದ. ಗುರುವಾರದ ಹೊತ್ತಿಗೆ ನಡುವೆ ಜೋಳಿಗೆಯಾಯಿತು. ಒಂದು ಕೋಲು ಅಡ್ಡ ಇಟ್ಟು ಅಳೆದೆ, 4 ಸೆಂಮೀ ತಗ್ಗು. ಹತ್ತಿ ಹಿಗ್ಗುತ್ತೆ, ಹಿಗ್ಗುತ್ತಲೇ ಇರುತ್ತೆ. ಮೊಳೆ ಕಿತ್ತು ಮತ್ತೆ ಬಿಗಿ ಮಾಡೋಣ ಅಂದರೆ ಕಿತ್ತಲ್ಲೆಲ್ಲ ನವಾರ ಹರಿದು ಎಳೆ ಬಿಡುತ್ತಿತ್ತು. ಒಂದೊಂದೇ ಮೊಳೆ ಕಿತ್ತು 9 ಸಾಲು ಬಿಡಿಸಿಕೊಳ್ಳಲು ಒಂದು ಸಂಜೆ ಹೋಯಿತು, ಮೂರು ತುದಿ ಹಾಳಾದವು.

ಬಡಿಗೇರ ಕಾಕಾ ಬಂದು ನೋಡಿ ಕೇಳಿದರು, "ಏನವಾ, ಹೊರಸಿಗೆ ನಾಲ್ಕೂ ಕಡೆ ಮೊಳಿ ಹೊಡೀತಾರೇನು? ಕಾಲ ಕಡಿ ಹಗ್ಗ ಬಿಡಬೇಕಲ್ಲ, ಜೋತಾಗೊಮ್ಮೆ ಎಳಿಯಾಕ."

ಹೌದಲ್ಲ! ಅಜ್ಜನ ಹೊರಸಿನ ಕಾಲ ಕಡೆ, ಅಂದರೆ ಮಲಗಿದವರ ಕಾಲು ಬರುವ ಕಡೆ, ಒಂದು ಮೊಳ ಜಾಗದಲ್ಲಿ ಬರಿ ಹಗ್ಗ ಇರುತ್ತಿತ್ತು. ಹುಣ್ಣಿಮೆ ಅಮಾವಾಸ್ಯೆಗೆ ಅಜ್ಜ ಅದನ್ನ ಎಳೆದು ಕಟ್ಟುತ್ತಿದ್ದದ್ದು ಕಣ್ಣ ಮುಂದೆ ಬಂತು. ಚಿಕ್ಕವಳಿದ್ದಾಗ ಆ ಸಂದಿಯಲ್ಲಿ ಕಾಲು ಇಳಿಬಿಟ್ಟು ಆಡಿದವಳು ನಾನು, ಅದು ಯಾಕಿದೆ ಅಂತ ಮಾತ್ರ ಕೇಳಿರಲಿಲ್ಲ.

ನಾಲ್ಕನೇ ಭಾನುವಾರ: ಹೊರಸು ಸರಿಯಾಯಿತು, ಕೊರಳಪಟ್ಟಿ ಕೆಟ್ಟಿತು

ಉದ್ದದ 9 ಸಾಲುಗಳನ್ನೂ ಕಾಲ ಕಡೆ 12 ಸೆಂಮೀ ಗಿಡ್ಡ ಮಾಡಿದೆ. ಪ್ರತಿ ತುದಿಯನ್ನೂ ಮಡಚಿ ಹೊಲಿದು, ಆ ಮಡಿಕೆಗಳಲ್ಲಿ ಒಂದು ಬಿದಿರ ಕೋಲು ತೂರಿಸಿದೆ. ಕೋಲಿಗೂ ಕಾಲ ಕಡೆಯ ಪಟ್ಟಿಗೂ ನಡುವೆ 6 ಮಿಮೀ ಹತ್ತಿ ಹಗ್ಗ ಹಾವಿನಂತೆ ಸುತ್ತಿಸಿ ಎಳೆದೆ. ಹಗ್ಗ 6 ಮೀಟರ್ ₹60. ಅಡ್ಡದ ಸಾಲುಗಳನ್ನ ಹಾಗೇ ಬಿಟ್ಟೆ, ಉದ್ದ ಬಿಗಿಯಾದರೆ ಹೆಣಿಗೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಈಗ ಜೋತುಬಿದ್ದರೆ ಐದು ನಿಮಿಷದ ಕೆಲಸ. ಹಗ್ಗದ ಕಡೆಯನ್ನು ಗೋಡೆಗೆ ಹೊಂದಿಸಿ ಇಟ್ಟಿದ್ದೇವೆ, ಅವಳ ಕಾಲು ಆ ಸಂದಿಗೆ ಹೋಗದಿರಲಿ ಅಂತ.

ಮಧ್ಯಾಹ್ನ ಕೊರಳಪಟ್ಟಿಗೆ ಕೂತೆ. ಇದು ಯಾಕೆ ಬೇಕಾಯಿತು ಅಂದರೆ, ಮಾರ್ಚ್‌ನಲ್ಲಿ ಒಂದು ಸಂಜೆ ದೊಡ್ಡ ರಸ್ತೆ ದಾಟುವಾಗ ಪಟಾಕಿ ಸದ್ದಿಗೆ ಬೆದರಿ ಚಿಗರಿ ಎರಡು ಹೆಜ್ಜೆ ಹಿಂದೆ ಸರಿದಳು, ತಲೆ ಬಗ್ಗಿಸಿದಳು, ಪಟ್ಟಿ ನನ್ನ ಕೈಯಲ್ಲೇ ಉಳಿಯಿತು. ಅವಳು ರಸ್ತೆ ನಡುವೆ. ಆಟೋದವರು ಬ್ರೇಕ್ ಹಾಕಿದ್ದಕ್ಕೆ ಅವಳು ಇವತ್ತು ಇದ್ದಾಳೆ. ಮುಧೋಳ ನಾಯಿಗೆ ತಲೆ ಕಿರಿದು, ಕೊರಳು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಸಾದಾ ಪಟ್ಟಿ ಹಿಂದಕ್ಕೆ ಎಳೆದರೆ ಜಾರುತ್ತದೆ. ಅಂಗಡಿಯಲ್ಲಿ ಸಿಗುವ ಪಟ್ಟಿಗಳೆಲ್ಲ ಲ್ಯಾಬ್ರಡಾರ್ ಮೈಗೆ ಹೊಲಿದ ಹಾಗಿವೆ. 2005ರಲ್ಲೇ ಅಂಚೆ ಚೀಟಿಯ ಮೇಲೆ ಬಂದ ತಳಿ ಇದು, ಮುಧೋಳ ಇಲ್ಲಿಂದ ಎಷ್ಟು ದೂರ ಹೇಳಿ, ಆದರೂ ನಮ್ಮೂರ ಅಂಗಡಿಯಲ್ಲಿ ಇದರ ಕೊರಳಿಗೆ ಹೊಂದುವ ಒಂದು ಪಟ್ಟಿ ಇಲ್ಲ.

ಬೇಕಾದದ್ದು ಮಾರ್ಟಿಂಗೇಲ್ ಅನ್ನುವ ಬಗೆ. ದೊಡ್ಡ ಪಟ್ಟಿಯ ಎರಡೂ ತುದಿಗೆ ಒಂದೊಂದು ರಿಂಗು, ಆ ಎರಡು ರಿಂಗಿನೊಳಗೆ ಹಾದುಹೋಗುವ ಒಂದು ಸಣ್ಣ ಕುಣಿಕೆ, ಕುಣಿಕೆಗೆ ಇನ್ನೊಂದು ರಿಂಗು, ಅದಕ್ಕೆ ಹಗ್ಗ. ನಾಯಿ ಎಳೆದರೆ ರಿಂಗುಗಳು ಹತ್ತಿರ ಬಂದು ಪಟ್ಟಿ ಬಿಗಿಯಾಗುತ್ತದೆ, ಆದರೆ ರಿಂಗಿಗೆ ರಿಂಗು ತಾಗಿದ ಮೇಲೆ ಇನ್ನೂ ಬಿಗಿಯಾಗೋದಿಲ್ಲ, ಉಸಿರು ಕಟ್ಟೋದಿಲ್ಲ.

ಒಂದೂವರೆ ಇಂಚಿನ ಬ್ಯಾಗ್ ಪಟ್ಟಿ 1 ಮೀಟರ್ ₹40. ಸಾದಾ ಕಬ್ಬಿಣದ ರಿಂಗು 3ಕ್ಕೆ ₹45. ಒಳಗೆ ಹಳೇ ದೋತರದ ಬಟ್ಟೆಯ ಪದರ, ಇಲ್ಲದಿದ್ದರೆ ನೈಲಾನ್ ಅಂಚು ಅವಳ ಗಿಡ್ಡ ಕೂದಲನ್ನ ಉಜ್ಜಿ ತೆಗೆಯುತ್ತದೆ. ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. ಬ್ಯಾಗ್ ರಿಪೇರಿಯವರಿಗೆ ಕೊಟ್ಟೆ, ತುದಿಗೆ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿದುಕೊಟ್ಟರು, ₹30.

ಕೊರಳು 38 ಅಂತ ಬರೆದುಕೊಂಡಿದ್ದೆನಲ್ಲ, ಹಾಗಾಗಿ ಪಟ್ಟಿಯನ್ನ ರಿಂಗು ಸೇರಿ 37 ಮಾಡಿದ್ದೆ. ಗೇಟು ಹಾಕಿ ಅಂಗಳದಲ್ಲೇ ನೋಡಿದೆವು. ಮಗ ಹಗ್ಗ ಹಿಡಿದ, ನಾನು ಎದುರಿಗೆ ಕೂತು ಕರೆದೆ, ಅವಳು ತಲೆ ಬಗ್ಗಿಸಿ ಹಿಂದೆ ಸರಿದಳು. ರಿಂಗಿಗೆ ರಿಂಗು ತಾಗಿತು. ಪಟ್ಟಿ ಕಿವಿಯ ಮೇಲೆ ಸುಮ್ನೆ ಜಾರಿ ಹೊರಬಂತು. ಮಾರ್ಚ್‌ನ ಆ ಸಂಜೆಯೇ ಮತ್ತೆ ಕಂಡಂತಾಗಿ ಕೈ ತಣ್ಣಗಾಯಿತು.

ಟೇಪ್ ತಂದು ಮತ್ತೆ ಅಳೆದೆ. ನಾನು ಮೊದಲು ಅಳೆದದ್ದು ಕೊರಳಿನ ಬುಡ, ಭುಜದ ಹತ್ತಿರ. ಪಟ್ಟಿ ನಿಲ್ಲೋದು ಅಲ್ಲಲ್ಲ, ಕಿವಿಯ ಹಿಂದೆ. ಅಲ್ಲಿ 33. ತಲೆಯ ಅತಿ ಅಗಲದ ಸುತ್ತಳತೆ 37. ಈ ಎರಡು ಅಳತೆ ಇಲ್ಲದೆ ಇಂಥ ನಾಯಿಗೆ ಯಾವ ಪಟ್ಟಿಯನ್ನೂ ಕೊಳ್ಳಬೇಡಿ, ಹೊಲಿಸಲೂ ಬೇಡಿ.

ಐದನೇ ಭಾನುವಾರ: ಎತ್ತಿನ ಅಂಗಡಿಯ ರಿಂಗು

ಹೊಸ ಲೆಕ್ಕ: ರಿಂಗು ಸೇರಿ ದೊಡ್ಡ ಪಟ್ಟಿ 29 ಸೆಂಮೀ. ಸಣ್ಣ ಕುಣಿಕೆ ಸುತ್ತಳತೆ 20, ಅಂದರೆ ಚಾಚಿದರೆ 10. ಪೂರ್ತಿ ಬಿಟ್ಟಾಗ 39, 37ರ ತಲೆ ಆರಾಮಾಗಿ ತೂರುತ್ತದೆ. ಎಳೆದಾಗ 33ಕ್ಕೆ ಕೊರಳಿಗೆ ಅಪ್ಪುತ್ತದೆ, ಆಗಲೂ ರಿಂಗುಗಳ ನಡುವೆ 4 ಸೆಂಮೀ ಉಳಿದಿರುತ್ತದೆ. ಅದೇ ಪಟ್ಟಿ ಕತ್ತರಿಸಿ ಮತ್ತೆ ₹30 ಕೊಟ್ಟು ಹೊಲಿಸಿದೆ.

ಈ ಸಲ ಅವಳಿಗೆ ಹಾಕುವ ಮುಂಚೆ ಪಟ್ಟಿಯನ್ನ ಮಾವಿನ ಕೊಂಬೆಗೆ ಸಿಕ್ಕಿಸಿ, ರಿಂಗಿಗೆ 20 ಲೀಟರಿನ ತುಂಬಿದ ನೀರಿನ ಕ್ಯಾನು ಕಟ್ಟಿದೆ. ನಿಂತಿತು. ಕ್ಯಾನನ್ನು ಒಂದು ಗೇಣು ಎತ್ತಿ ಬಿಟ್ಟೆ, ಓಡುವ ನಾಯಿ ಜಗ್ಗಿದ ಹಾಗೆ. ಎರಡನೇ ಸಲಕ್ಕೆ ರಿಂಗು ಬಾಯಿ ಬಿಟ್ಟಿತು. ತಂತಿ ಬಗ್ಗಿಸಿ ತುದಿಗೆ ತುದಿ ತಾಗಿಸಿದ ರಿಂಗು ಅದು, ಬೆಸುಗೆ ಇಲ್ಲ. ಬಣ್ಣ ಬಳಿದಿದ್ದರಿಂದ ಸಂದಿ ಕಣ್ಣಿಗೆ ಕಂಡಿರಲಿಲ್ಲ. ಹೊಲಿಗೆ ಒಂದು ಎಳೆಯೂ ಬಿಟ್ಟಿರಲಿಲ್ಲ.

ಎತ್ತಿನ ಹಗ್ಗ, ಗೆಜ್ಜೆ ಮಾರುವ ಅಂಗಡಿಗೆ ಹೋದೆ. ಹುಣ್ಣಿಮೆ ಹತ್ತಿರ ಬಂದಿತ್ತು, ಕಾಲಿಡಲು ಜಾಗ ಇಲ್ಲದಷ್ಟು ಜನ. ಬೆಸುಗೆ ಹಾಕಿದ ರಿಂಗು ಒಂದಕ್ಕೆ ₹35, ಮೂರು ತಂದೆ. ಉಗುರಿನಿಂದ ಸುತ್ತಲೂ ಸವರಿ ನೋಡಿದರೆ ಬೆಸುಗೆಯ ಸಣ್ಣ ಗಂಟು ತಾಗುತ್ತದೆ, ಅದು ತಾಗಿದರೆ ಸರಿ. ಎಷ್ಟು ವಯಸ್ಸಿನ ಎತ್ತು ಅಂತ ಕೇಳಿದರು. ನಾಯಿಗೆ ಅಂದೆ, ಯಾವ ತಳಿ ಅಂತ ಕೇಳಿದರು, ಮುಧೋಳ ಅಂದ ಕೂಡಲೇ ಒಂದು ಕೆಂಪು ಗೊಂಡೆ ಕೈಗಿಟ್ಟು ದುಡ್ಡು ತಗೊಳ್ಳಲಿಲ್ಲ.

ಅಲ್ಲೇ ಒಂದು ಹಿತ್ತಾಳೆ ಬಿಲ್ಲೆ ₹20. ಪಾತ್ರೆ ಅಂಗಡಿಯಲ್ಲಿ ಪಾತ್ರೆಗೆ ಹೆಸರು ಕೊರೆಯುತ್ತಾರಲ್ಲ, ಅವರಿಂದ ಒಂದು ಕಡೆ ಹೆಸರು, ಇನ್ನೊಂದು ಕಡೆ ನನ್ನ ನಂಬರು ಕೊರೆಸಿದೆ. ಬಿಲ್ಲೆಯನ್ನ ಹೊಸ ಪಟ್ಟಿಗೆ ಕಟ್ಟಲಿಲ್ಲ. ಈ ಬಗೆಯ ಪಟ್ಟಿ ಮನೆಯಲ್ಲಿ ಕೊರಳಲ್ಲೇ ಇದ್ದರೆ ಎಲ್ಲಾದರೂ ಸಿಕ್ಕಿಕೊಂಡು ಬಿಗಿಯಬಹುದು, ಸುತ್ತಾಡಿಸಿ ಬಂದ ಕೂಡಲೇ ತೆಗೆದಿಡಬೇಕು. ಬಿಲ್ಲೆ ಇರೋದು ಹಳೇ ಪಟ್ಟಿಯಲ್ಲಿ. ಅದು ಸಡಿಲವಾಗಿ ಸದಾ ಕೊರಳಲ್ಲಿರುತ್ತದೆ, ಅದಕ್ಕೆ ಹಗ್ಗ ಮಾತ್ರ ಇನ್ನು ಯಾವತ್ತೂ ಕಟ್ಟೋದಿಲ್ಲ.

ಹೊಲಿಗೆಗೆ ಮೂರನೇ ₹30. ಕ್ಯಾನು ಹತ್ತು ಸಲ ಎತ್ತಿ ಬಿಟ್ಟೆ. ಅಂಗಳದಲ್ಲಿ ಚಿಗರಿ ಹಿಂದೆ ಸರಿದಳು, ತಲೆ ಬಗ್ಗಿಸಿದಳು, ಮಗ್ಗುಲಾದಳು, ಕೂತೇಬಿಟ್ಟಳು. ಪಟ್ಟಿ ಕಿವಿಯ ಹಿಂದೆ ಹಾಗೇ ನಿಂತಿತ್ತು.

ದುಡ್ಡಿಲ್ಲದೆ ಆದದ್ದು

ನೀರಿಗೆ ಹಿತ್ತಲಲ್ಲಿದ್ದ ಅಜ್ಜಿಯ ಕಲ್ಲಿನ ಒರಳು. ಉರುಳೋದಿಲ್ಲ, ನೀರು ತಣ್ಣಗಿರುತ್ತದೆ. ದಿನ ಬಿಟ್ಟು ದಿನ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಲೇಬೇಕು, ಇಲ್ಲವಾದರೆ ಪಾಚಿ, ಸೊಳ್ಳೆ ಮರಿ. ಆಟಕ್ಕೆ ಐದಡಿ ಬಿದಿರ ಕೋಲು, ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಬಾಲ. ಮಗ ನಡುವೆ ನಿಂತು ತಿರುಗಿಸಿದರೆ ಅವಳು ಸುತ್ತಲೂ ಬೆನ್ನಟ್ಟುತ್ತಾಳೆ. ಹತ್ತು ನಿಮಿಷ ಸಾಕು, ಆಮೇಲೆ ಕೋಲನ್ನ ಎತ್ತಿಡುತ್ತೇವೆ, ಬಟ್ಟೆ ಕಚ್ಚಿ ನುಂಗಲು ಬಿಡೋದಿಲ್ಲ.

ಅವ್ವನ ಕೌದಿ

ಹೊರಸಿನ ಮೇಲೆ ಹಾಸಲು ಅವ್ವ ಕೌದಿ ಹೊಲಿದಳು, ಹಳೇ ಇಳಕಲ್ ಸೀರೆ ಎರಡು, ನನ್ನ ಒಂದು ಚೂಡಿದಾರ, ಒಳಗೆ ಆರು ಪದರ ಹಳೇ ದೋತರ. 100 × 65 ಸೆಂಮೀ. ಹನ್ನೊಂದು ಮಧ್ಯಾಹ್ನ ಹಿಡಿಯಿತು. ಹೊಲಿಗೆಯ ಸಾಲು ಒಂದಕ್ಕೊಂದು ಬೆರಳಷ್ಟು ಹತ್ತಿರ, ಅವಳು ಪರಚಿದರೂ ಬಟ್ಟೆ ಎದ್ದು ಬರೋದಿಲ್ಲ. ಫೋಮ್ ಹಾಸಿಗೆಯಲ್ಲಿ ಕಿತ್ತು ಎಳೆಯಲು ಏನೋ ಇತ್ತು, ಇದರಲ್ಲಿ ಅಂಥದ್ದೇನೂ ಇಲ್ಲ.

ಕೌದಿ ಹಾಸಿ ಹೊರಸನ್ನು ಪಡಸಾಲೆಯಲ್ಲಿ ಇಟ್ಟೆವು. ನಾಲ್ಕು ದಿನ ಚಿಗರಿ ಹತ್ತಲಿಲ್ಲ. ಹೊರಸಿನ ಕೆಳಗೆ ತೂರಿಕೊಂಡು ಕಲ್ಲಿನ ಮೇಲೇ ಮಲಗಿದಳು. ಚಪಾತಿ ಇಟ್ಟರೆ ಹತ್ತಿ, ತಿಂದು, ಇಳಿಯುತ್ತಿದ್ದಳು. ಪೈಪಿನ ಮಂಚದ ಹೆದರಿಕೆ ಇನ್ನೂ ಹೋಗಿಲ್ಲ ಅಂತ ನನಗೆ ಅನಿಸಿತು. ಐದನೇ ದಿನ ಎರಡು ಬದಲಾವಣೆ ಮಾಡಿದೆವು. ಹೊರಸನ್ನು ಅವಳದೇ ಜಾಗಕ್ಕೆ, ಅಡುಗೆಮನೆಯ ಹೊಸ್ತಿಲ ಪಕ್ಕಕ್ಕೆ ತಂದೆವು. ಅವ್ವ ತಾನು ಉಟ್ಟು ಬಿಟ್ಟ ಸೀರೆಯನ್ನ ಒಗೆಯದೆ ಹಾಗೇ ಕೌದಿಯ ಮೇಲೆ ಹರವಿದಳು. ರಾತ್ರಿ ಹತ್ತರ ಸುಮಾರಿಗೆ ಚಿಗರಿ ಬಂದು ಮೂಸಿದಳು, ಮುಂಗಾಲು ಇಟ್ಟಳು, ನವಾರ ಸ್ವಲ್ಪ ತಗ್ಗಿದಾಗ ನಿಂತು ನಮ್ಮನ್ನ ನೋಡಿದಳು. ನಾವು ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಆಮೇಲೆ ಮೂರು ಸುತ್ತು ಸುತ್ತಿ, ಸೀರೆಯನ್ನ ಕಾಲಿನಿಂದ ಗುಡ್ಡೆ ಮಾಡಿ, ಉಸ್ ಅಂತ ಬಿದ್ದುಕೊಂಡಳು.

ಖರ್ಚು

ಹೊರಸಿಗೆ ಕಟ್ಟಿಗೆ 400, ಕೆಲಸ 500, ನವಾರ 350, ಹಗ್ಗ 60, ಎಣ್ಣೆ 80, ಮೊಳೆ 30: ₹1,420. ಕೊರಳಪಟ್ಟಿಗೆ ಪಟ್ಟಿ 40, ರಿಂಗು 105, ಹೊಲಿಗೆ ಮೂರು ಸಲಕ್ಕೆ 90, ಬಿಲ್ಲೆ 20: ₹255. ಉಪಯೋಗಕ್ಕೆ ಬಂದದ್ದು ಒಟ್ಟು ₹1,675. ಹಾಳಾದದ್ದು ಫೋಮ್ ಹಾಸಿಗೆ 1,450, ರಬ್ಬರ್ ಆಟಿಕೆ 180, ಪೈಪು 640, ಮೊದಲ ರಿಂಗು 45: ₹2,315.

ಈಗ

ಕಾರ ಹುಣ್ಣಿಮೆಗೆ ಗೊಂಡೆ ಕಟ್ಟಿದ ಪಟ್ಟಿ ಹಾಕಿಕೊಂಡು ಓಣಿಯ ತುಂಬ ಓಡಾಡಿದಳು. ಹುಣ್ಣಿಮೆ ಕಳೆದು ಮೂರು ವಾರವಾಯಿತು. ಹೊರಸಿನ ಹಗ್ಗ ಎರಡು ಸಲ ಎಳೆದಿದ್ದೇನೆ. ಬಲ ಮೊಣಕೈಯಲ್ಲಿ ಸಣ್ಣ ಕೂದಲು ಬರುತ್ತಿವೆ, ಬೆಳಕಿಗೆ ಹಿಡಿದರೆ ಕಾಣುತ್ತವೆ. ಎಡಗಡೆ ಇನ್ನೂ ಬರಿ ಚರ್ಮ, ದಿನಾ ರಾತ್ರಿ ಕೊಬ್ಬರಿ ಎಣ್ಣೆ ಸವರುತ್ತೇನೆ, ಆದರೆ ಮೊದಲಿನಷ್ಟು ಒರಟಿಲ್ಲ.

ಒಂದೇ ಒಂದು ತೊಂದರೆ ಉಳಿದಿದೆ. ಮಳೆ ಶುರುವಾಗಿ ಎರೆ ಮಣ್ಣು ಮೆತ್ತಿದ ಕಾಲಲ್ಲೇ ಹತ್ತುತ್ತಾಳೆ, ಕೌದಿ ವಾರಕ್ಕೊಮ್ಮೆ ಒಗೆಯಲೇಬೇಕು, ಒಗೆದರೆ ಒಣಗಲು ಮೂರು ದಿನ. ಆ ಮೂರು ದಿನ ಬರಿ ನವಾರದ ಪಕ್ಕ ನಿಂತು ಅವ್ವನ ಮುಖ ನೋಡುತ್ತಾಳೆ. ನಿನ್ನೆ ಮಧ್ಯಾಹ್ನ ಅವ್ವ ಟ್ರಂಕು ತೆಗೆದು ಇನ್ನೊಂದು ಸೀರೆ ಹುಡುಕಲು ಕೂತಿದ್ದಾಳೆ.